ಗೇಟು ದಾಟದ ಮನೆಗಾಡಿ

ನಮ್ಮ ಆಲೂರು, ಸಕಲೇಶಪುರದ ಕಡೆ ಜನ ಬಹಳ ಕಡಿಮೆ ಎಂದು ಹೇಳುವವರು ಈ ಕಡೆ ಒಂದೇ ಒಂದು ದಿನ ಯಾರ ಕಣ್ಣಿಗೂ ಬೀಳದಂತೆ ಓಡಾಡಲು ಪ್ರಯತ್ನಿಸಿ ನೋಡಿದವರಲ್ಲ. ಹಾಗೆ ಹೇಳಿ ಸಂಬಳ ತೆಗೆದುಕೊಳ್ಳುವವರಲ್ಲಿ ನಾನೂ ಒಬ್ಬ. ಇಪ್ಪತ್ತಾರು ವರ್ಷಗಳಿಂದ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದೇನೆ. ಗೋಡೆಗೆ ನಕ್ಷೆ ತೂಗುಹಾಕಿ, ಕೋಲಿನ ತುದಿಯಿಂದ ಪಶ್ಚಿಮ ಘಟ್ಟವನ್ನು ಮೂರು ಸಲ ತಟ್ಟಿ, "ಇಲ್ಲಿ ನೋಡಿ, ವಿರಳ ಜನಸಂಖ್ಯೆ" ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ವಿರಳ ಎನ್ನುವುದು ಸುಳ್ಳೇನಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ಒಂದು ಮೈಲಿ ದೂರವಿರುತ್ತದೆ. ಆದರೆ ಆ ಒಂದು ಮೈಲಿಯ ಕಾಫಿ ಗಿಡಗಳ ಸಂದಿಯಿಂದ ಯಾರೋ ಒಬ್ಬರು ನಿಮ್ಮನ್ನು ನೋಡುತ್ತಲೇ ಇರುತ್ತಾರೆ. ಆ ಒಬ್ಬರು ನಿಮ್ಮ ಅತ್ತಿಗೆಯ ಅಣ್ಣನೋ, ಚಿಕ್ಕಪ್ಪನ ಬೀಗರೋ ಆಗಿರುತ್ತಾರೆ. ಈ ಸಂಗತಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಮ್ಮಲ್ಲಿ ಒಂದು ಕಾನೂನಿದೆ. ಎಲ್ಲೂ ಬರೆದಿಟ್ಟಿಲ್ಲ, ಅದಕ್ಕೇ ಎಲ್ಲರೂ ಪಾಲಿಸುತ್ತಾರೆ. ನೆಂಟರ ಮನೆಯ ಗೇಟಿನ ಮುಂದೆ ಹಾದುಹೋಗುವವನು ಒಳಗೆ ಹೋಗಲೇಬೇಕು. ಒಳಗೆ ಹೋದವನು ಉಣ್ಣಲೇಬೇಕು. ಉಂಡೇಳುವಷ್ಟರಲ್ಲಿ ಹೊತ್ತು ಇಳಿದಿದ್ದರೆ ಉಳಿಯಲೇಬೇಕು. ತಪ್ಪಿದರೆ "ಗೇಟ್ ಮುಂದ್ಲಿಂದ್ಲೇ ಹೋದ್ನಂತೆ, ತಿರುಗಿ ಸೈತ ನೋಡ್ನಿಲ್ವಂತೆ" ಎಂಬ ಮಾತು ಮುಂದಿನ ಮದುವೆ ಮನೆಯ ಪಂಕ್ತಿಯಲ್ಲಿ ಪಲ್ಯದ ಜೊತೆ ಬಡಿಸಲ್ಪಡುತ್ತದೆ. ನಮ್ಮಪ್ಪ ಒಮ್ಮೆ ಹೆಗ್ಗದ್ದೆ ಕಡೆ ಇದ್ದ ತಮ್ಮ ಷಡ್ಡಕರ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗಿದ್ದರು. ಅದು ಅಲ್ಲಿ ನಿಲ್ಲುವ ಬಸ್ಸಲ್ಲ. ಅಪ್ಪನಿಗೆ ಜ್ವರ ಬೇರೆ, ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ಗೇಟಿನಲ್ಲಿ ನಿಂತಿದ್ದ ಷಡ್ಡಕರು ಆ ತಲೆಯನ್ನು ನೋಡಿದರು. ಆಮೇಲೆ ನಮ್ಮ ಮನೆಯ ಎರಡು ಮದುವೆಗೆ ಅವರು ಬರಲಿಲ್ಲ. ಮೂರನೆಯದಕ್ಕೆ ಬಂದವರು ಎಲೆಯ ಮುಂದೆ ಕೂತು ಅನ್ನ ಕಲಸುತ್ತಾ, "ಡ್ರೈವರಂಗೆ ಒಂದ್ ಮಾತು ಹೇಳಿದ್ರೆ ನಿಲ್ಲುಸ್ತಿರ್ನಿಲ್ವಾ ಗೌಡ್ರೇ?" ಎಂದು ಕೇಳಿದರು. ಅಪ್ಪ ಇರುವಷ್ಟು ಕಾಲ ಆ ರಸ್ತೆಯಲ್ಲಿ ಮತ್ತೆ ಕಣ್ಣು ಮುಚ್ಚಲಿಲ್ಲ.

ಇಂಥ ಅಪ್ಪನ ಮಗ ನಾನು. ನನ್ನ ಹೆಂಡತಿ ಸುಜಾತ ಈ ಕಾನೂನಿನ ಕೆಳಗೆ ಇಪ್ಪತ್ನಾಲ್ಕು ವರ್ಷ ಬದುಕಿದ್ದಾಳೆ. ಮದುವೆಯಾದಾಗಿನಿಂದ ನಾವು ಹೋದ ಪ್ರವಾಸಗಳೆಂದರೆ ಗೃಹಪ್ರವೇಶ, ನಾಮಕರಣ, ತಿಥಿ, ಮತ್ತು ಇವುಗಳಿಂದ ಹಿಂತಿರುಗುವಾಗ ದಾರಿಯಲ್ಲಿ ಸಿಗುವ ಗೇಟುಗಳು. ಒಂದು ದಿನ ಅವಳು ಮೊಬೈಲಿನಲ್ಲಿ ಯಾರೋ ಗಂಡ ಹೆಂಡತಿ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ವಿಡಿಯೋ ನೋಡಿದಳು. ವ್ಯಾನಿನ ಹಿಂಬಾಗಿಲು ತೆರೆದಿದೆ, ಹಾಸಿಗೆಯಿಂದ ಎರಡು ಜೊತೆ ಪಾದ ಹೊರಗೆ ಚಾಚಿವೆ, ಪಾದಗಳ ಆಚೆ ಸಮುದ್ರ, ಸುತ್ತ ಒಂದು ನರಪಿಳ್ಳೆ ಇಲ್ಲ. ಇಂಥ ವಿಡಿಯೋಗಳಲ್ಲಿ ಪಾದಗಳು ಯಾವಾಗಲೂ ಬೆಳ್ಳಗೆ, ಹಿಮ್ಮಡಿ ಒಡೆಯದೆ ಇರುತ್ತವೆ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ನನಗೆ ಒಂದು ಸಲ ಹಿಂಗೆ ಹೋಗ್ಬೇಕು ಕಣ್ರೀ" ಎಂದಳು. "ಮೂರು ದಿನ. ಯಾರ ಮನೆಗೂ ಹೋಗೋದಿಲ್ಲ. ನಾನು ಯಾರಿಗೂ ನೆಂಟಳಲ್ಲ, ನನಗೆ ಯಾರೂ ನೆಂಟರಲ್ಲ. ಜನ ಇಲ್ಲದ ಕಡೆ ಸಮುದ್ರದ ಪಕ್ಕ ಗಾಡಿ ನಿಲ್ಲಿಸಿ ಒಂದು ರಾತ್ರಿ ಮಲಗಿ ಏಳ್ಬೇಕು. ಎದ್ದ ಮೇಲೆ ಕಾಫಿ ಮಾಡಿದ್ರೆ ಮಾಡಿದೆ, ಇಲ್ಲದಿದ್ರೆ ಇಲ್ಲ."

ನಾನು ಆಗಲಿ ಎಂದೆ. ನಿಜವಾಗಿಯೂ ಮನಸ್ಸಿನಿಂದಲೇ ಹೇಳಿದೆ. ಕರಾವಳಿ ಮೈದಾನದ ಉದ್ದ, ಅಗಲ, ಅಲ್ಲಿನ ಮಣ್ಣಿನ ಬಗೆ ಎಲ್ಲವನ್ನೂ ಬಾಯಿಪಾಠ ಹೇಳುವ ನಾನು ಹೆಂಡತಿಗೆ ಇದುವರೆಗೆ ಸಮುದ್ರ ತೋರಿಸಿರಲಿಲ್ಲ. ಒಮ್ಮೆ ಮಂಗಳೂರಿಗೆ ಹೋದದ್ದುಂಟು. ಅದೂ ಆಸ್ಪತ್ರೆಗೆ, ನನ್ನ ಚಿಕ್ಕಮ್ಮನ ಕಣ್ಣಿನ ಆಪರೇಷನ್ನಿಗೆ. ಅಲ್ಲಿ ಸುಜಾತ ನೋಡಿದ ನೀರು ಫ್ಲಾಸ್ಕಿನೊಳಗಿನದು ಮಾತ್ರ.

ವ್ಯಾನು ಸಿಕ್ಕಿದ್ದು ಹಾಸನದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಪರೀಕ್ಷೆಯಲ್ಲಿ ಬಂಗಾಳ ಕೊಲ್ಲಿಯನ್ನು ರಾಜಸ್ಥಾನದ ಪಕ್ಕ ಗುರುತಿಸಿದ್ದ ಮಹಾನುಭಾವ. ಈಗ ಜನರನ್ನು ಸಮುದ್ರಕ್ಕೆ ಕಳಿಸುವುದೇ ಅವನ ಉದ್ಯೋಗ. ಹಳೆಯ ಆಂಬ್ಯುಲೆನ್ಸೊಂದನ್ನು ಕೊಂಡು, ಒಳಗೆ ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕು, ಮೂಲೆಯಲ್ಲಿ ಬೀರುವಿನಂಥ ಒಂದು ಕಕ್ಕಸು ಕೂರಿಸಿದ್ದ. "ಕ್ಯಾಂಪರ್ ವ್ಯಾನ್ ಸಾರ್, ಪೂರಾ ಮನೆ" ಎಂದ. ಹೊರಗೆ ಹಸಿರು ಬಣ್ಣ ಬಳಿದಿದ್ದರೂ ಬಿಸಿಲು ಬಿದ್ದಾಗ ಅದರಡಿಯ ಕೆಂಪು ಪಟ್ಟೆ ಇಣುಕುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಈ ಗಾಡಿಯನ್ನು ನೋಡಿಯೇ ಇರಬೇಕು. ಹಾಸಿಗೆ ಐದೂವರೆ ಅಡಿ, ನಾನು ಆರಕ್ಕೆ ಒಂದಿಂಚು ಕಡಿಮೆ. ಸುಜಾತ ಮಾತ್ರ ಒಳಗೆ ಹತ್ತಿ, ಒಲೆ ಹಚ್ಚಿ ಆರಿಸಿ, ಹಾಸಿಗೆಯ ಮೇಲೆ ಮಲಗಿ ಎದ್ದು, ಸ್ಟೀರಿಂಗ್ ಹಿಡಿದು ಆಚೀಚೆ ತಿರುಗಿಸಿ, "ಚೆನ್ನಾಗಿದೆ" ಎಂದಳು. ಗಾಡಿಯ ವಿಷಯದಲ್ಲಿ ಅವಳ ಮಾತೇ ಮಾತು. ನಮ್ಮ ಆರು ಎಕರೆ ತೋಟದಿಂದ ಹಣ್ಣಿನ ಮೂಟೆ ತುಂಬಿದ ಪಿಕಪ್ಪನ್ನು ಕೆಸರಿನಲ್ಲಿ ಮೇಲಕ್ಕೆ ಹತ್ತಿಸುವವಳು ಅವಳು. ನಾನು ಹಿಂದೆ ನಿಂತು "ಬಾ, ಬಾ, ಬಾ" ಎನ್ನುವವನು.

ದಸರಾ ಮುಗಿದ ಮಾರನೆಯ ದಿನ, ಕಾಫಿ ಹಣ್ಣಿನ ಕೊಯ್ಲು ಶುರುವಾಗುವುದರೊಳಗೆ ಹೋಗಿ ಬರುವುದೆಂದು ತೀರ್ಮಾನವಾಯಿತು. ಸಕಲೇಶಪುರ ದಾಟಿ, ದೋಣಿಗಲ್ ಮೇಲೆ ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಸಮುದ್ರ. ಎಷ್ಟು ಸುಲಭ! ಆದರೆ ಹೊರಡುವ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ದೋಣಿಗಲ್ಲಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರ ಗೇಟು ಇರುವುದು ಹೆದ್ದಾರಿಗೇ. ಹಸಿರು ಬಣ್ಣದ, ಮನೆಯಷ್ಟು ಎತ್ತರದ ಗಾಡಿಯಲ್ಲಿ ಅವರ ಕಣ್ಣು ತಪ್ಪಿಸಿ ಹೋಗುವುದುಂಟೇ? ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕೊನೆಗೆ, ಈಗ ಒಪ್ಪಿಕೊಂಡುಬಿಡುತ್ತೇನೆ, ಸುಜಾತ ಬಟ್ಟೆ ಜೋಡಿಸುತ್ತಿದ್ದಾಗ ನಾನು ಹಿತ್ತಲಿಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ನಾಳೆ ನಿಮ್ಮ ಗೇಟ್ ಮುಂದೆ ಹೋಗ್ತಾ ಇದೀವಿ. ಟೈಮಿಲ್ಲ, ಬರಲ್ಲ. ಬೇಜಾರ್ ಮಾಡ್ಕಬೇಡಿ" ಎಂದೆ. ಇದು ನಾನೇ ಕಂಡುಹಿಡಿದ ಉಪಾಯ. ಮೊದಲೇ ಹೇಳಿಬಿಟ್ಟರೆ ಅವರಿಗೂ ಬೇಸರವಿಲ್ಲ, ನಮಗೂ ಅಡ್ಡಿಯಿಲ್ಲ ಎಂಬುದು ನನ್ನ ತರ್ಕ. ಅತ್ತೆ "ಅಯ್ಯೋ, ಅದಕ್ಕೇನು ಮಗ, ಆಯ್ತು" ಎಂದರು. ನನಗೆ ಹೆಮ್ಮೆಯಾಯಿತು, ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೋಣಿಗಲ್ಲಿನ ತಿರುವು ದಾಟಿದರೆ, ಅತ್ತೆ ಹೆದ್ದಾರಿಯ ನಡುವೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಹಿಂದೆ ಲಾರಿಗಳು ಹಾರನ್ ಬಾರಿಸುತ್ತಿವೆ. ಎಪ್ಪತ್ತೆರಡು ವರ್ಷದ ಹೆಂಗಸು, ಕಾಲಿಗೆ ಹವಾಯಿ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ನಿಲ್ಲಿಸದೆ ಹೋಗಲು ನಾವೇನು ರಾಕ್ಷಸರೇ? ಗಾಡಿ ನಿಂತಿದ್ದೇ ತಡ, ಕೆಂಪು ಪಟ್ಟೆಯನ್ನು ನೋಡಿದ ಅಕ್ಕಪಕ್ಕದವರು "ಯಾರಿಗೇನಾಯ್ತು? ಯಾರಿಗೇನಾಯ್ತು?" ಎಂದು ಓಡಿಬಂದರು. ಯಾರಿಗೂ ಏನೂ ಆಗಿಲ್ಲ, ನಾವು ಸುಮ್ಮನೆ ಸುತ್ತಲು ಹೊರಟಿದ್ದೇವೆ ಎಂದು ತಿಳಿದಾಗ ಅವರಿಗಾದ ನಿರಾಶೆ ನೋಡಿ ನನಗೇ ಪಾಪ ಎನಿಸಿತು.

ಅತ್ತೆ ಗಾಡಿಯೊಳಗೆ ಹತ್ತಿ ಎಲ್ಲವನ್ನೂ ಮುಟ್ಟಿ ನೋಡಿದರು. ಮೂಲೆಯ ಬಾಗಿಲು ತೆರೆದವರು ಹಾಗೇ ನಿಂತುಬಿಟ್ಟರು.

"ಇದೇನ್ಲಾ ಇದು?"

"ಕಕ್ಕಸು ಅತ್ತೆ."

"ಗಾಡಿ ಒಳಗಾ? ಅನ್ನ ಬೇಯ್ಸೋ ಒಲೆ ಇಲ್ಲಿ, ಅದು ಅಲ್ಲಿ? ಥೂ ನಿಮ್ಮ! ಏನ್ ಗತಿ ಬಂತ್ಲಾ ನಿಮಗೆ? ಮನೆ ಮಠ ಇಲ್ದೋರ್ ಥರ ರಸ್ತೆಲಿ ಮಲಗ್ತೀರಾ? ನಾವೆಲ್ಲ ಸತ್ತೋಗಿದ್ವಾ? ಇಳಿ, ಇಳಿ. ಬಾರಮ್ಮ ಸುಜಾತ. ನಂಗೆ ಕೈ ನೋವು, ಶಾವಿಗೆ ಒರಳು ನೀನೇ ತಿರುಗ್ಸೀಯಂತೆ."

"ಅತ್ತೆಗೆ ಹೆಂಗೆ ಗೊತ್ತಾಯ್ತು, ನಾವು ಬರ್ತಿರೋದು?" ಎಂದು ಸುಜಾತ ಇಳಿಯುವಾಗ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಿಸೆಯಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡೆ. "ನಮ್ಮ ಕಡೆ ಇಂಥದ್ದೆಲ್ಲ ಗಾಳೀಲೇ ಗೊತ್ತಾಗುತ್ತೆ" ಎಂದೆ. ಅವಳು ಗಾಳಿಯ ಕಡೆಯೇ ಒಮ್ಮೆ ನೋಡಿ ಒಳಗೆ ಹೋದಳು.

ಊಟವಾಗುವ ಹೊತ್ತಿಗೆ, ಘಾಟಿಯಲ್ಲಿ ಲಾರಿಯೊಂದು ಅಡ್ಡ ನಿಂತಿದೆ, ಇವತ್ತು ದಾರಿ ಬಿಡುವುದಿಲ್ಲ ಎಂಬ ಸುದ್ದಿ ಬಂತು. ಅತ್ತೆಯ ಮುಖ ಊರಹಬ್ಬದಷ್ಟು ಕಳೆಕಟ್ಟಿತು. ಹಾಗಾಗಿ ಮೊದಲ ದಿನ ನಾವು ಮಲಗಿದ್ದು ಅತ್ತೆಯ ಮನೆಯಲ್ಲಿ. ನಾನು ಜಗುಲಿಯ ಒರಗುಕುರ್ಚಿಯಲ್ಲಿ ಕೂತು ಮಾವನಿಗೆ ರಾಜಕೀಯ ವಿವರಿಸುತ್ತಿದ್ದಾಗ ಒಳಗಿನಿಂದ ಶಾವಿಗೆ ಒರಳು ಕಿರ್‍ರ್ ಕಿರ್‍ರ್ ಎನ್ನುವುದು ಕೇಳುತ್ತಿತ್ತು. ಕೇಳುತ್ತಿತ್ತು ಎಂದು ಈಗ ಬರೆಯುತ್ತಿದ್ದೇನೆ. ಆಗ ಕೇಳಿಸಿದ್ದು ನನಗೆ ನೆನಪಿಲ್ಲ. ನೆನಪಿರುವುದು ಶಾವಿಗೆ ಬಹಳ ಸಣ್ಣಗೆ, ಎಳೆಎಳೆಯಾಗಿ ಬಂದಿತ್ತು ಎಂಬುದಷ್ಟೇ.

ಎರಡನೆಯ ದಿನ ಬೆಳಿಗ್ಗೆ ಗಾಡಿ ಹೊರಟಾಗ ಸುಜಾತ ಮೊದಲು ಆಡಿದ ಮಾತು, "ನಿನ್ನೆ ಮಧ್ಯಾಹ್ನವೇ ಅಂದಿದ್ನಲ್ಲ, ಬಿಸ್ಲೆ ಘಾಟಿ ಮೇಲೆ ಇಳಿಯೋಣ. ಆ ದಾರೀಲಿ ಜನ ಇಲ್ಲ. ಇವತ್ತು ಯಾವ ಗೇಟೂ ಇಲ್ಲ ತಾನೆ?"

"ಇಲ್ಲವೇ ಇಲ್ಲ" ಎಂದೆ. ಇತ್ತು. ಬಿಸ್ಲೆ ದಾರಿಯ ಹೊಂಗಡಹಳ್ಳದಲ್ಲಿ ನನ್ನ ದೊಡ್ಡಪ್ಪನ ಮಗ ಮಂಜಣ್ಣನ ತೋಟವಿದೆ. ಗೇಟು ರಸ್ತೆಗೇ ಇದೆ. ಹಿಂದಿನ ಸಂಜೆ ಅತ್ತೆಯ ಮನೆಯ ದನದ ಕೊಟ್ಟಿಗೆ ನೋಡಿಕೊಂಡು ಬರುತ್ತೇನೆಂದು ಹೋದವನು, ಕೊಟ್ಟಿಗೆಯ ಹಿಂದೆ ನಿಂತು ಮಂಜಣ್ಣನಿಗೆ ಫೋನ್ ಮಾಡಿಯಾಗಿತ್ತು. ಬೇರೆ ದಾರಿ ಏನಿತ್ತು ಹೇಳಿ? ಅತ್ತೆಯ ಮನೆಯಲ್ಲಿ ಉಳಿದು ಮಂಜಣ್ಣನ ಮನೆಗೆ ಹೋಗಲಿಲ್ಲ ಎಂದಾದರೆ ಅದು ಎರಡು ಪಟ್ಟು ಅಪರಾಧ. ಒಂದು ಗೇಟಿಗೆ ಹೋದವನು ಎಲ್ಲ ಗೇಟಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಇದನ್ನು ಹೆಂಡತಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮಂಜಣ್ಣನಿಗೆ ಫೋನ್ ಮಾಡದಿರುವ ಧೈರ್ಯವೂ ಇರಲಿಲ್ಲ. ಎರಡು ಧೈರ್ಯಗಳೂ ಇಲ್ಲದವನು ಸಾಮಾನ್ಯವಾಗಿ ಫೋನ್ ಮಾಡುತ್ತಾನೆ.

ದಾರಿಯಲ್ಲಿ ಒಂದು ಹಳ್ಳ ಸಿಕ್ಕಿತು. ಪಕ್ಕದಲ್ಲಿ ಗಾಡಿ ನಿಲ್ಲಿಸುವಷ್ಟು ಹುಲ್ಲಿನ ಜಾಗ. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. "ಇಲ್ಲೇ ಅನ್ನ ಸಾರು ಮಾಡ್ತೀನಿ, ಸಮುದ್ರಕ್ಕೆ ಸಂಜೆ ಹೋದ್ರಾಯ್ತು" ಎಂದು ಸುಜಾತ ಖುಷಿಯಿಂದ ಒಲೆ ಹಚ್ಚಿದಳು. ಅಕ್ಕಿ ತೊಳೆಯುವಷ್ಟರಲ್ಲಿ ಬೈಕಿನಲ್ಲಿ ಒಬ್ಬರು ಬಂದು "ಏನ್ಸಾರ್, ಗಾಡಿ ಕೆಟ್ಟೋಯ್ತಾ?" ಎಂದರು. ಇಲ್ಲ ಎಂದೆ. ಗಾಡಿ ಕೆಡದೆ ಯಾರಾದರೂ ಅಲ್ಲಿ ಯಾಕೆ ನಿಲ್ಲುತ್ತಾರೆಂದು ಅವರಿಗೆ ಅರ್ಥವಾಗಲಿಲ್ಲ, ಅರ್ಥವಾಗುವವರೆಗೂ ನಿಂತಿರುತ್ತೇನೆಂಬಂತೆ ಬೈಕನ್ನು ಸ್ಟ್ಯಾಂಡಿಗೆ ಹಾಕಿದರು. ಅವರನ್ನು ನೋಡಿ ಜೀಪೊಂದು ನಿಂತಿತು. ಜೀಪನ್ನು ನೋಡಿ ತೋಟದ ಲೆಕ್ಕ ಬರೆಯುವ ರೈಟರೊಬ್ಬರು ಇಳಿದು ಬಂದರು. ಅವರು "ಮೇಷ್ಟ್ರು ಅಲ್ವಾ ನೀವು? ನನ್ನ ಮಗಳು ನಿಮ್ಮ ಸ್ಟೂಡೆಂಟು!" ಎಂದು ಕೈ ಮುಗಿದರು. ಹತ್ತು ನಿಮಿಷದಲ್ಲಿ ಆ ನಿರ್ಜನ ಪ್ರದೇಶದಲ್ಲಿ ಏಳು ಜನ ಸೇರಿ, ಶುಂಠಿಯ ಬೆಲೆ, ಆನೆಯ ಕಾಟ, ನನ್ನ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂಬುದನ್ನೆಲ್ಲ ಚರ್ಚಿಸಿದರು. ನಾನೂ ಚರ್ಚಿಸಿದೆ. ಒಳ್ಳೆಯ ಚರ್ಚೆ. "ಸುಜಾತ, ಎಲ್ಲರಿಗೂ ಒಂದೊಂದ್ ಲೋಟ ಕಾಫಿ ಮಾಡೇ" ಎಂಬ ಮಾತು ನನ್ನ ಬಾಯಿಂದಲೇ ಬಂದದ್ದು ಎಂದು ಸುಜಾತ ಈಗಲೂ ಹೇಳುತ್ತಾಳೆ. ಬಂದಿರಬಹುದು. ಅಭ್ಯಾಸದ ಬಾಯಿ. ಅವಳು ಏಳು ಲೋಟ ಕಾಫಿ ಮಾಡಿ ಕೊಟ್ಟು, ಬೆಂದಿರದ ಅಕ್ಕಿಯನ್ನು ಹಾಗೇ ಮುಚ್ಚಿಟ್ಟು, ಒಲೆ ಆರಿಸಿ, ಸೀಟಿನಲ್ಲಿ ಕೂತು ಗಾಡಿ ಸ್ಟಾರ್ಟ್ ಮಾಡಿದಳು. ನಾನು ಓಡಿಹೋಗಿ ಹತ್ತಿಕೊಂಡೆ.

ಹೊಂಗಡಹಳ್ಳದ ಗೇಟಿನಲ್ಲಿ ಮಂಜಣ್ಣ ಕಾಯುತ್ತಿದ್ದ. ಅತ್ತೆಯ ಹಾಗೆ ಅಡ್ಡ ನಿಂತಿರಲಿಲ್ಲ, ಗೇಟನ್ನೇ ಪೂರ್ತಿ ತೆರೆದು, ಕಲ್ಲು ಕೊಟ್ಟು ನಿಲ್ಲಿಸಿ, ಪಕ್ಕದಲ್ಲಿ ನಗುತ್ತಾ ನಿಂತಿದ್ದ. "ಬಾರಮ್ಮ ಬಾ, ತಡ ಮಾಡ್ಬುಟ್ರಿ" ಎಂದ.

ಸುಜಾತ ಎಂಜಿನ್ ಆರಿಸಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ನಾವು ಬರೋದು ನಿಮಗೆ ಯಾರು ಹೇಳಿದ್ರು ಭಾವ?" ಎಂದು ಬಹಳ ಮೆತ್ತಗೆ ಕೇಳಿದಳು. ನಾನು ಮಂಜಣ್ಣನಿಗೆ ಕಣ್ಣು ಮಿಟುಕಿಸಿದೆ, ತಲೆ ಆಡಿಸಿದೆ, ಕೆಮ್ಮಿದೆ. ಮಂಜಣ್ಣ ಅರವತ್ತು ವರ್ಷದ ನಿಷ್ಕಪಟಿ.

"ಇನ್ಯಾರಮ್ಮ, ನಿನ್ ಗಂಡನೇ ನಿನ್ನೆ ಸಂಜೆ ಫೋನ್ ಮಾಡಿದ್ನಲ್ಲ, ಬರಲ್ಲ ಅಂತ. ಅದ್ಕೇ ಬೆಳಿಗ್ಗೆನೇ ಕೋಳಿ ಹಿಡಿದು ಪಂಜರಕ್ಕೆ ಹಾಕ್ಸಿದೆ."

ಬರುವುದಿಲ್ಲ ಎಂದು ಹೇಳಿದ್ದಕ್ಕೇ ಕೋಳಿ ಹಿಡಿದದ್ದು. ಇದರಲ್ಲಿ ಅವನಿಗೆ ಯಾವ ವಿಚಿತ್ರವೂ ಕಾಣಲಿಲ್ಲ. ನಮ್ಮ ಕಡೆ ಬರುವವರು ಸುಮ್ಮನೆ ಬರುತ್ತಾರೆ. ಫೋನ್ ಮಾಡಿ ಬರುವುದಿಲ್ಲ ಎನ್ನುವವರು ನೀರು ಕಾಯಿಸಿ, ಕೋಳಿ ಹಿಡಿಯಿರಿ, ಹಾಸಿಗೆ ಬಿಸಿಲಿಗೆ ಹಾಕಿ ಎಂದು ಮರ್ಯಾದೆಯಿಂದ ಹೇಳುತ್ತಿದ್ದಾರೆಂದೇ ಅರ್ಥ. ಐವತ್ತಾರು ವರ್ಷ ಇಲ್ಲೇ ಬಾಳಿದ ನನಗೆ ಇದು ಗೊತ್ತಿರಲಿಲ್ಲವೇ? ಸುಜಾತ ಎಂಜಿನ್ ಆರಿಸಿ ನನ್ನ ಕಡೆ ತಿರುಗಿದಾಗ ಅವಳ ಕಣ್ಣಿನಲ್ಲಿದ್ದದ್ದು ಆ ಪ್ರಶ್ನೆಯೇ. ನಾನು ಸತ್ಯವನ್ನೇ ಹೇಳುತ್ತೇನೆ: ಗೊತ್ತಿತ್ತು. ಉಪಾಯ ಕಂಡುಹಿಡಿದೆ ಎಂದದ್ದೆಲ್ಲ ನನಗೆ ನಾನೇ ಹೇಳಿಕೊಂಡ ಸಬೂಬು. ಐದೂವರೆ ಅಡಿಯ ಹಾಸಿಗೆಗಿಂತ ಮಂಜಣ್ಣನ ಮನೆಯ ಮಂಚ ನನಗೆ ಹಿತವಾಗಿತ್ತು, ವ್ಯಾನಿನ ಅನ್ನ ಸಾರಿಗಿಂತ ನಾಟಿ ಕೋಳಿ ಸಾರು. ನಾಚಿಕೆಯಾಯಿತು. ಕೋಳಿ ಸಾರಿನ ವಾಸನೆ ಬರುವವರೆಗೂ ಆ ನಾಚಿಕೆ ಇತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಷ್ಟೇ ಹೇಳಿ ಅವಳು ಇಳಿದು, ನೇರವಾಗಿ ಅಡುಗೆಮನೆಗೆ ಹೋದಳು. ಒಳಗೆ ಮಂಜಣ್ಣನ ಹೆಂಡತಿ ರತ್ನತ್ತಿಗೆ ಕಡುಬಿಗೆ ಹಿಟ್ಟು ತೊಳಸುತ್ತಿದ್ದರು. ನಾನು ಒಂದೆರಡು ಸಲ ಬಾಗಿಲ ತನಕ ಹೋಗಿ ಇಣುಕಿದೆ. ಸುಜಾತ ಹಬೆಯ ನಡುವೆ ಕೂತು ಕಡುಬು ಕಟ್ಟುತ್ತಿದ್ದಳು, ಮುಖ ಎತ್ತಲಿಲ್ಲ. ಅತ್ತಿಗೆ ಮಾತ್ರ, "ಏನ್ ಬೇಕು ಕುಮಾರ? ಕಾಫಿನಾ? ಹೋಗ್ ಕೂತ್ಕೊ, ತರ್ತೀನಿ" ಎಂದರು. ನಾನು ಕಾಫಿಗೆ ಹೋಗಿರಲಿಲ್ಲ. ಆದರೂ ಬಂದ ಕಾಫಿಯನ್ನು ಬೇಡ ಎನ್ನಲಾಗಲಿಲ್ಲ.

ಆ ಇಬ್ಬರು ಒಳಗೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಸ್ವಲ್ಪ ಮಾತ್ರ ಕೈ ತೊಳೆಯಲು ಹೋದಾಗ ಕಿವಿಗೆ ಬಿತ್ತು. "ಮದ್ವೆ ಆದ ಹೊಸ್ತರಲ್ಲಿ ನಿಮ್ಮ ಭಾವನ್ನ ಕೇಳಿದ್ದೆ ಕಣೇ, ಸಮುದ್ರ ಎಲ್ಲೈತೆ ಅಂತ. 'ಕೆಳಗೈತೆ' ಅಂದ್ರು. ಅಷ್ಟೇ. ಮೂವತ್ತೈದು ವರ್ಷ ಆಯ್ತು" ಎಂದು ಅತ್ತಿಗೆ ಹೇಳುತ್ತಿದ್ದರು. ಇಬ್ಬರೂ ಜೋರಾಗಿ ನಕ್ಕರು. ನಾನೂ ಹೊರಗೆ ನಕ್ಕೆ, ಒಳ್ಳೆಯ ಮಾತು ಎನಿಸಿ.

ಮೂರನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ನಾನೂ ಮಂಜಣ್ಣನೂ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತಿದ್ದೆವು. ಸಂಜೆಯೊಳಗೆ ಗಾಡಿಯನ್ನು ಹಾಸನಕ್ಕೆ ಒಪ್ಪಿಸಬೇಕಾಗಿತ್ತು, ಅಂದರೆ ಸಮುದ್ರದ ಮಾತು ಮುಗಿದಂತೆಯೇ. "ಮುಂದಿನ ವರ್ಷ ಹೋದ್ರಾಯ್ತು ಬಿಡು, ಸಮುದ್ರ ಎಲ್ಲಿಗೆ ಓಡೋಗುತ್ತೆ" ಎಂದು ಮಂಜಣ್ಣ ಸಮಾಧಾನ ಹೇಳಿದ. ಅಷ್ಟರಲ್ಲಿ ರತ್ನತ್ತಿಗೆ ಮದುವೆಗೆ ಉಡುವ ಸೀರೆಯುಟ್ಟು, ಕೈಯಲ್ಲಿ ಒಂದು ಚೀಲ ಹಿಡಿದು ಬಂದು ವ್ಯಾನು ಹತ್ತಿದರು. ಸುಜಾತ ಆಗಲೇ ಸ್ಟೀರಿಂಗ್ ಮುಂದೆ ಕೂತಿದ್ದಳು.

"ಎಲ್ಲಿಗ್ಲಾ ಇವ್ರು?" ಎಂದ ಮಂಜಣ್ಣ.

"ಅತ್ತಿಗೆಗೆ ಗಾಡಿ ತೋರಿಸ್ತಾಳೇನೋ, ಒಂದು ರೌಂಡು" ಎಂದೆ.

ಸುಜಾತ ಕಿಟಕಿಯಿಂದ, "ಗಾಡಿ ಇನ್ನೊಂದು ದಿನ ಇಟ್ಕೋತೀನಿ ಅಂತ ನಿಮ್ಮ ಸ್ಟೂಡೆಂಟಿಗೆ ಹೇಳಿದೀನಿ. ನಾಳೆ ಬರ್ತೀವಿ" ಎಂದಳು. ಗಾಡಿ ಗೇಟು ದಾಟಿ ಎಡಕ್ಕೆ, ಬಿಸ್ಲೆಯ ಕಡೆಗೆ ತಿರುಗಿತು. ಅತ್ತಿಗೆ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಮಂಜಣ್ಣ ಬಹಳ ಹೊತ್ತು ಬಾಯಿ ತೆರೆದು ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ ಅವನಿಗೆ ಹೊಳೆದ ಮೊದಲ ಸಂಗತಿ, "ಲೋ ಕುಮಾರ, ಹತ್ತು ಗಂಟೆ ಕಾಫಿ?"

ಇಬ್ಬರೂ ಅಡುಗೆಮನೆಗೆ ಹೋದೆವು. ಮಂಜಣ್ಣನಿಗೆ ಇಪ್ಪತ್ತೆಂಟು ಎಕರೆ ಕಾಫಿ ತೋಟವಿದೆ. ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು, ಮೂಸಿ, ತೇವ ಎಷ್ಟಿದೆ ಎಂದು ಹೇಳಬಲ್ಲ. ಅಂಥವನಿಗೆ ತನ್ನ ಮನೆಯಲ್ಲಿ ಕಾಫಿ ಪುಡಿಯ ಡಬ್ಬ ಎಲ್ಲಿದೆ ಎಂದು ಗೊತ್ತಿರಲಿಲ್ಲ. ನಾವು ಹದಿನಾಲ್ಕು ಡಬ್ಬ ತೆರೆದೆವು. ರಾಗಿ ಹಿಟ್ಟು ಸಿಕ್ಕಿತು, ಮೆಂತ್ಯ ಸಿಕ್ಕಿತು, ಎರಡು ವರ್ಷದ ಹಿಂದೆ ಕಳೆದುಹೋಯಿತೆಂದು ಆಳುಗಳ ಮೇಲೆ ಕೂಗಾಡಿದ್ದ ಮಂಜಣ್ಣನ ಕನ್ನಡಕ ಸಿಕ್ಕಿತು. ಪುಡಿ ಸಿಗಲಿಲ್ಲ. ಹೊರಗೆ ಕಣ್ಣು ಹಾಯಿಸಿದಷ್ಟು ದೂರ ಕಾಫಿ, ಸ್ಟೋರಿನಲ್ಲಿ ಮೂಟೆಗಟ್ಟಲೆ ಕಾಫಿ, ಒಳಗೆ ಇಬ್ಬರು ಗಂಡಸರು ಬಿಸಿನೀರು ಕುಡಿದು ಕೂತೆವು. "ಹೆಂಗಸ್ರು ಬುದ್ಧಿ ನೋಡು, ಹೇಳ್ದಂಗೆ ಹೋಗ್ಬುಟ್ರಲ್ಲ ಮಾರಾಯ" ಎಂದು ಮಂಜಣ್ಣ ಬೇಸರಪಟ್ಟುಕೊಂಡ. ಹೇಳಿಯೇ ಹೋದರು ಎಂದು ನಾನು ನೆನಪಿಸಲಿಲ್ಲ. ಮಧ್ಯಾಹ್ನ ಹಿಂದಿನ ದಿನದ ತಣ್ಣನೆಯ ಕಡುಬನ್ನು ಉಪ್ಪಿನಕಾಯಿಯ ಜೊತೆ ತಿಂದೆವು.

ಸಂಜೆ ನಾಲ್ಕೂವರೆಗೆ ಫೋನ್ ಬಂತು. ಹೊಂಗಡಹಳ್ಳದಲ್ಲಿ ಕಣದ ಮೂಲೆಯ ಸಿಲ್ವರ್ ಮರದ ಬುಡದಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ನಾನು ಬೆಳಿಗ್ಗೆಯಿಂದ ಅಲ್ಲೇ ಸುಳಿದಾಡುತ್ತಿದ್ದೆ.

"ತಲುಪಿದ್ವಿ ಕಣ್ರೀ" ಎಂದಳು ಸುಜಾತ. ಹಿಂದೆ ಅಲೆಯ ಸದ್ದು, ಅದಕ್ಕಿಂತ ಜೋರಾಗಿ ಅತ್ತಿಗೆಯ ನಗು.

"ಹೇಗಿದೆ?" ಎಂದೆ.

"ದೊಡ್ಡದಾಗಿದೆ" ಎಂದಳು. ಆಮೇಲೆ, "ನೀವೂ ಇರ್ಬೇಕಿತ್ತು" ಎಂದಳು. ಅದನ್ನು ಅವಳು ಕುಹಕವಾಗಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

"ಜನ ಗಿನ ಇದಾರಾ? ಯಾರೂ ತೊಂದ್ರೆ ಕೊಡ್ಲಿಲ್ವಾ?"

"ಒಬ್ಬರೇ ಹೆಂಗಸು ಬಂದ್ರು. ಹತ್ತಿರದಲ್ಲೇ ಮನೆಯಂತೆ. ರಾತ್ರಿ ಊಟಕ್ಕೆ ಬನ್ನಿ ಅಂದ್ರು. ಬೇಡ, ನಾವಿಲ್ಲೇ ಇರ್ತೀವಿ ಅಂದೆ."

"ಅಯ್ಯೋ! ಬೇಜಾರ್ ಮಾಡ್ಕೊಂಡ್ರಾ?"

"ಇಲ್ಲ. ಸರಿ ಅಂದ್ರು. ಕುಡಿಯೋ ನೀರು ಬೇಕಾದ್ರೆ ಬಾವಿ ಅಲ್ಲಿದೆ ಅಂತ ತೋರಿಸಿ ಹೋದ್ರು."

"ಅಷ್ಟೇನಾ?"

"ಅಷ್ಟೇ ಕಣ್ರೀ. ಬೇಡ ಅಂದ್ರೆ ಬೇಡ ಅಂತ. ನಾನೂ ಇಷ್ಟು ದಿನ ಅದೇನೋ ಭಾರಿ ಕಷ್ಟದ ಕೆಲಸ ಅಂದ್ಕೊಂಡಿದ್ದೆ. ಹಾಂ, ಅಕ್ಕ ಹೇಳ್ತಿದಾರೆ, ಕಾಫಿ ಪುಡಿ ದೇವರ ಗೂಡಿನ ಕೆಳಗಿನ ಹಿತ್ತಾಳೆ ಡಬ್ಬದಲ್ಲಿದೆಯಂತೆ."

ಫೋನು ಕಟ್ಟಾಯಿತು. ನಾನು ಸಿಲ್ವರ್ ಮರಕ್ಕೆ ಒರಗಿ ಬಹಳ ಹೊತ್ತು ಯೋಚನೆ ಮಾಡಿದೆ. ಇನ್ನು ಮುಂದೆ ನಾನೂ ಬದಲಾಗಬೇಕು ಎಂದುಕೊಂಡೆ. ಬೇಡ ಎನ್ನುವುದನ್ನು ಕಲಿಯಬೇಕು, ಯಾರದೋ ಹೆಂಡತಿಯ ಕೈಯಲ್ಲಿ ಹಿಟ್ಟು ತೊಳಸಿಸಿ, ಅದನ್ನು ನೆಂಟಸ್ತಿಕೆ ಎಂದು ಕರೆಯುವುದನ್ನು ಬಿಡಬೇಕು. ಎರಡು ಸಲ "ಬೇಡ, ಬೇಡ" ಎಂದು ಮರಕ್ಕೆ ಹೇಳಿ ಅಭ್ಯಾಸ ಮಾಡಿದೆ. ಸುಲಭವಾಗಿಯೇ ಬಂತು.

ಕತ್ತಲಾಗುವುದಕ್ಕೆ ಮುಂಚೆ ಪಕ್ಕದ ತೋಟದ ರಾಜೇಗೌಡರು ಗೇಟಿನ ಹತ್ತಿರ ಬಂದು ಕೂಗಿದರು. "ಏನ್ ಮಂಜಣ್ಣ, ಮನೇಲಿ ಹೆಂಗಸ್ರು ಇಲ್ವಂತಲ್ಲ? ಬನ್ರಿ ಇಬ್ರೂ, ಉಂಡ್ಕಂಡ್ ಬರೋರಂತೆ. ಆಗ್ಲೇ ಕಡುಬು ಬೇಯಕ್ಕಿಕ್ಕವ್ರೆ. ಬನ್ನಿ ಮೇಷ್ಟ್ರೇ."

ನಾನು ಬಾಯಿ ತೆರೆದೆ. ಮಾತು ನಾಲಗೆಯ ತುದಿಗೆ ಬಂದಿತ್ತು ಎಂದು ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. "ಯಾಕೆ ಸುಮ್ಮನೆ ತೊಂದರೆ" ಎಂದೆ. ನಮ್ಮ ಕಡೆ ಹಾಗೆಂದರೆ ಚಪ್ಪಲಿ ಮೆಟ್ಟಿಕೊಂಡೆ ಎಂದು ಅರ್ಥ.

ರಾಜೇಗೌಡರ ಮನೆಯ ನಡುಮನೆಯಲ್ಲಿ ನಮಗೆ ಎಲೆ ಹಾಕಿದರು. ಒಳಗಿನಿಂದ ಹಬೆ ಬರುತ್ತಿತ್ತು, ಪಾತ್ರೆಯ ಸದ್ದು ಬರುತ್ತಿತ್ತು. ಈ ಸಲ ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ರಾಜೇಗೌಡರ ಹೆಂಡತಿ ಹಣೆಯ ಬೆವರನ್ನು ಮುಂಗೈಯಲ್ಲಿ ಒರೆಸಿಕೊಳ್ಳುತ್ತಾ ಬಂದು, ಬಿಸಿಬಿಸಿ ಕಡುಬನ್ನು ನನ್ನ ಎಲೆಗೆ ಹಾಕಿ, "ಸಂಕೋಚ ಮಾಡ್ಕಬ್ಯಾಡಿ ಮೇಷ್ಟ್ರೇ, ಇನ್ನೆಲ್ಡು ಇಕ್ಲಾ?" ಎಂದರು.

ನಾನು ಸಂಕೋಚ ಮಾಡಿಕೊಳ್ಳಲಿಲ್ಲ.